ವಿಲಾಸವು ವಿಳಾಸವಾದ ಬಗೆ

‘ಐಪಿ ವಿಳಾಸ’ ಎಂಬ ಜೋಡುಪದದ ಮೊದಲ ಅರ್ಧ ತೀರ ಎಳೆಯದು. ಇಂದಿಗೂ ಮನೆಮನೆಗಳಲ್ಲಿ ನಡೆಯುತ್ತಿರುವ ಅದರ ನಾಲ್ಕನೆಯ ಆವೃತ್ತಿಯ ನಿಯಮಾವಳಿ ಪ್ರಕಟವಾದದ್ದು 1981ರ ಸೆಪ್ಟೆಂಬರಿನಲ್ಲಿ. ಎರಡನೆಯ ಅರ್ಧವೋ, ಭರತನ ನಾಟ್ಯಶಾಸ್ತ್ರದಲ್ಲೇ ಲಕ್ಷಣ ಹೇಳಿಸಿಕೊಂಡು, ಚಂಪೂಕಾವ್ಯಗಳ ಹೆಸರಿನಲ್ಲಿ, ಅರಮನೆಗಳ ಹೆಬ್ಬಾಗಿಲಿನಲ್ಲಿ, ಹೋಟೆಲುಗಳ ಬೋರ್ಡಿನಲ್ಲಿ, ಲಕೋಟೆಗಳ ಮೈಮೇಲೆ ಬಾಳಿ ಬದುಕಿ, ಈಗ ಮೇಜಿನ ಮೂಲೆಯಲ್ಲಿ ಮಿಣುಕುವ ಪುಟ್ಟ ಪೆಟ್ಟಿಗೆಯೊಳಕ್ಕೆ ಬಂದು ಕುಳಿತ ಪದ. ಇಷ್ಟು ದೂರ ನಡೆದ ಪದ ಹುಟ್ಟಿದೂರಿನ ಅರ್ಥವನ್ನು ದಾರಿಯಲ್ಲಿ ಎಲ್ಲೋ ಬಿಟ್ಟು ಬಂದಿತೇ, ಅಥವಾ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿತೇ ಎಂಬುದನ್ನು ಪದಪ್ರಿಯರಾದ ನಾವು ಸಾವಧಾನವಾಗಿ ನೋಡಬೇಕು. ಕಟ್ಟಿಕೊಂಡೇ ಬಂದಿದೆ ಎಂದು ನನ್ನ ನಂಬಿಕೆ.

ಕಾಸರಗೋಡಿನ ಕಡೆ ಈ ಜೋಡುಪದದ ಸುದ್ದಿ ಈಗ ಹೆಚ್ಚಾಗಿ ಕೇಳಿಬರುವುದು ಮಳೆಗಾಲದಲ್ಲಿ. ಗುಡುಗು ಶುರುವಾಯಿತೆಂದರೆ ಸಿಡಿಲಿಗೆ ಹೆದರಿ ಟಿ.ವಿ.ಯದ್ದು, ರೌಟರಿನದ್ದು ಎಲ್ಲ ವಯರು ಕಿತ್ತಿಡುವುದು ನಮ್ಮ ಮನೆಗಳ ರೂಢಿ. ಮಳೆ ಬಿಟ್ಟ ಮೇಲೆ ಮತ್ತೆ ಸಿಕ್ಕಿಸಿದರೆ ಫೋನುಗಳೆಲ್ಲ ಸುಸೂತ್ರ, ಪ್ರಿಂಟರ್ ಮಾತ್ರ ನಾಪತ್ತೆ. ಅಡಕೆ ಒಣಗುವ ಅಂಗಳಕ್ಕೆ ಕಣ್ಣಿಟ್ಟ ಕ್ಯಾಮೆರಾವೂ ತೆರೆಯುವುದಿಲ್ಲ. ಆಗ ಕೇಬಲಿನ ಹುಡುಗನಿಗೆ ಫೋನು ಹೋಗುತ್ತದೆ: “ಆ ಪ್ರಿಂಟರಿಗೆ ಒಂದು ಐಪಿ ಫಿಕ್ಸ್ ಮಾಡಿ ಕೊಡಿ ಮಾರಾಯ್ರೇ.” ಮಾತಿನಲ್ಲಿ ‘ಐಪಿ ಫಿಕ್ಸ್ ಮಾಡುವುದು’, ಬರೆಹದ ಕನ್ನಡದಲ್ಲಿ ‘ಸ್ಥಿರ ವಿಳಾಸವನ್ನು ಕಾಯ್ದಿರಿಸುವುದು’. ಒಂದು ಸಂಸ್ಕೃತ ವಿಶೇಷಣ, ಸಂಸ್ಕೃತದಿಂದ ಬಂದು ಕನ್ನಡದ ಬಣ್ಣ ಬಳಿದುಕೊಂಡ ಒಂದು ನಾಮಪದ, ಅಚ್ಚಗನ್ನಡದ ಒಂದು ಕ್ರಿಯಾಪದ. ನಡುವಿನ ವಿಳಾಸವೇ ನಮ್ಮ ಇಂದಿನ ಅತಿಥಿ. ಕ್ರಿಯಾಪದದ ಜೊತೆಯೂ ಹಾದಿಯಲ್ಲಿ ಎರಡು ಮಾತಾಡಿ ಹೋಗೋಣ.

ಬೇರಿನಿಂದ ಹೊರಡೋಣ. ‘ಲಸ್’ ಎಂಬ ಧಾತುವಿಗೆ ಹೊಳೆ, ಬೆಳಗು, ಕಾಣಿಸಿಕೊ, ಆಡು, ಕುಣಿ ಎಂದೆಲ್ಲ ಅರ್ಥಗಳು. ಧಾತುಪಾಠ ಹೇಳುವುದು ಅಪ್ಪುವುದನ್ನೂ ಆಡುವುದನ್ನೂ, ಕಾವ್ಯಗಳಲ್ಲಿ ಬಲವಾಗಿ ನಿಂತದ್ದು ಹೊಳೆಯುವುದು. ಹೊಳೆಯುವುದಕ್ಕೂ ಆಡುವುದಕ್ಕೂ ನಂಟೇನು ಎಂದು ಕೇಳುವವರು ಬಿಸಿಲಿನಲ್ಲಿ ಹರಿಯುವ ನೀರನ್ನು ನೋಡಿದರೆ ಸಾಕು, ಎರಡೂ ಅಲ್ಲಿ ಒಂದೇ. ಈ ಧಾತುವಿನ ಸಂತಾನ ದೊಡ್ಡದು: ತಾಂಡವಕ್ಕೆ ಜೋಡಿಯಾದ ಲಾಸ್ಯ, ಮನಸ್ಸು ಮೇಲಕ್ಕೆ ಚಿಮ್ಮುವ ಉಲ್ಲಾಸ (ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿರುವುದು ಇದೇ), ಮೇಲೆಮೇಲೆ ಬಯಸುವ ಲಾಲಸೆ, ಬೆಳಗುವಂಥ ವಿಲಸಿತ. ಹೊಳಪೂ ಚಲನೆಯೂ ಇಲ್ಲದವನು ಅ-ಲಸ. ಅವನಿಂದ ಆಲಸ್ಯ, ಅವನಿಂದಲೇ ನಮ್ಮ ಅಲಸಿಕೆ. ಅಭಿಲಾಷೆ ಮಾತ್ರ ಈ ಮನೆಯದಲ್ಲ. ಅದು ಷಕಾರದ ‘ಲಷ್’, ಬಯಕೆಯ ಧಾತು, ಉಚ್ಚಾರದಲ್ಲಿ ನೆರೆಯವನಾದರೂ ವಂಶದಲ್ಲಿ ಬೇರೆ. ‘ವಿ’ ಎಂಬ ಉಪಸರ್ಗ ಸೇರಿದಾಗ ಲಾಸಕ್ಕೆ ವಿಶೇಷತೆ ಬರುತ್ತದೆ: ಎಲ್ಲರಂತೆ ಹೊಳೆಯುವುದಲ್ಲ, ಬೇರೆಯಾಗಿ ಹೊಳೆಯುವುದು, ಎದ್ದು ಕಾಣುವುದು. ಈ ‘ಎದ್ದು ಕಾಣುವುದು’ ಎಂಬ ಎಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗಬೇಕು.

ನಾಟ್ಯಶಾಸ್ತ್ರದಲ್ಲಿ ವಿಲಾಸಕ್ಕೆ ಎರಡು ಎಡೆ. ನಾಯಿಕೆಯ ಸಹಜವಾದ ಹತ್ತು ಅಲಂಕಾರಗಳಲ್ಲಿ, ಲೀಲೆಯ ಮಗ್ಗುಲಲ್ಲಿ, ವಿಚ್ಛಿತ್ತಿ ವಿಭ್ರಮಗಳ ಮುಂದೆ ಅದು ನಿಲ್ಲುತ್ತದೆ. ಪ್ರಿಯನು ಬಂದಾಗ ನಿಲುವು, ನಡೆ, ನೋಟ, ಕೈಗಳ ಚಲನೆ ಇವುಗಳಲ್ಲಿ ತಾನಾಗಿ ಮೂಡುವ ವಿಶೇಷವೇ ವಿಲಾಸ. ಇದು ಎಲ್ಲರೂ ಬಲ್ಲ ಅರ್ಥ. ಇನ್ನೊಂದು ಎಡೆ ನಾಯಕನ ಎಂಟು ಸಾತ್ತ್ವಿಕ ಗುಣಗಳ ಸಾಲಿನಲ್ಲಿ: ಶೋಭೆ, ವಿಲಾಸ, ಮಾಧುರ್ಯ, ಸ್ಥೈರ್ಯ, ಗಾಂಭೀರ್ಯ, ಲಲಿತ, ಔದಾರ್ಯ, ತೇಜಸ್ಸು. ಅಲ್ಲಿ ವಿಲಾಸವೆಂದರೆ ಭೋಗವೂ ಅಲ್ಲ, ಬೆಡಗೂ ಅಲ್ಲ. ಧೀರವಾಗಿ ಚಲಿಸುವ ನೋಟ, ಗೂಳಿಯಂಥ ನಡಿಗೆ, ನಗುವನ್ನು ಮುಂದಿಟ್ಟುಕೊಂಡ ಮಾತು. ಸಭೆಗೆ ಒಬ್ಬನು ಬಂದರೆ ಯಾರೆಂದು ಕೇಳದೆಯೇ ಇಂಥವನೆಂದು ತಿಳಿಯುವಂತೆ ಮಾಡುವ ಗುಣ ಅದು, ಅಂದರೆ ಗುರುತು. ವಿಳಾಸದ ಬೀಜ ನನಗೆ ಮೊದಲು ಕಂಡದ್ದು ಈ ಎರಡನೆಯ ವಿಲಾಸದಲ್ಲಿ.

ದಕ್ಷಿಣಕ್ಕೆ ಬಂದ ಮೇಲೆ ಪದ ಕವಲೊಡೆಯಿತು. ಭ್ರೂವಿಲಾಸ, ವಾಗ್ವಿಲಾಸ, ಬುದ್ಧಿವಿಲಾಸ ಎಂದು ಅಂಗಕ್ಕೂ ಶಕ್ತಿಗೂ ಅಂಟಿತು. ವೇದಾಂತಿಗಳ ಬಾಯಲ್ಲಿ ಚಿದ್ವಿಲಾಸವಾಯಿತು, ಸೋತವರ ನಿಟ್ಟುಸಿರಿನಲ್ಲಿ ವಿಧಿವಿಲಾಸವಾಯಿತು. ಪಲ್ಲವ ಮಹೇಂದ್ರವರ್ಮನ ಪ್ರಹಸನದಲ್ಲಿ ಮತ್ತವಿಲಾಸವಾಗಿ, ಕೇರಳದ ದೇವಾಲಯಗಳಲ್ಲಿ ಚಾಕ್ಯಾರರ ಕೂತ್ತಾಗಿ ಇಂದಿಗೂ ಆಡಿಸಿಕೊಳ್ಳುತ್ತಿದೆ. ಮೈಸೂರಿನಲ್ಲಿ ಅರಮನೆಗೇ ಅಂಬಾವಿಲಾಸವೆಂಬ ಹೆಸರು, ಮಾನಸಗಂಗೋತ್ರಿಯ ಸೌಧಕ್ಕೆ ಜಯಲಕ್ಷ್ಮಿವಿಲಾಸವೆಂಬ ಹೆಸರು. ಹೀಗೆ ಹೊಳೆಯುವ ಕ್ರಿಯೆ ಹೊಳೆಯುವ ಸ್ಥಳವಾಯಿತು. ಅರಮನೆಗೆ ಸಂದದ್ದು ಹೋಟೆಲಿಗೂ ಸಂದಿತು: ಕೃಷ್ಣವಿಲಾಸ, ಆನಂದವಿಲಾಸ ಎಂಬ ಬೋರ್ಡುಗಳ ಕೆಳಗೆ ದೋಸೆ ತಿಂದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮಲಯಾಳದಲ್ಲಿ ಇದು ಇನ್ನೂ ಕೆಳಗಿಳಿದು ಸಾಮಾನ್ಯರ ಮನೆಯನ್ನು ಹೊಕ್ಕಿತು. ಭವನಂ, ಸದನಂ, ನಿವಾಸ್‌ಗಳ ಸಾಲಿನಲ್ಲಿ ‘ವಿಲಾಸಂ’ ಎಂದು ಮುಗಿಯುವ ಮನೆಹೆಸರುಗಳು ಕೇರಳದುದ್ದಕ್ಕೂ ಇವೆ. ಅಂಥ ಮನೆಗೆ ಕಾಗದ ಬರೆದರೆ ವಿಲಾಸದಲ್ಲೇ ಒಂದು ವಿಲಾಸ ಕೂತಿರುತ್ತದೆ.

ಇನ್ನು ಅಕ್ಷರದ ಮಾತು. ಸಂಸ್ಕೃತದ ಲಕಾರ ಕನ್ನಡದಲ್ಲಿ ಳಕಾರವಾಗುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಬೇರೆಯಾಗಿ ಗುರುತಿಸಿ ಕ್ಷಳವೆಂದು ಕರೆದ. ದೇಶ್ಯಪದಗಳ ಕುಳವೂ ಈಗ ನಮ್ಮ ನಾಲಗೆಯಿಂದ ಮರೆಯಾದ ರಳವೂ ಇದಕ್ಕಿಂತ ಬೇರೆ. ಕಮಲ ಕಮಳವಾಯಿತು, ಧವಲ ಧವಳವಾಯಿತು, ಸರಲ ಸರಳವಾಯಿತು, ಮಂಗಲ ಮಂಗಳವಾಯಿತು. ಮಂಗಳೂರು ಎನ್ನುವಾಗಲೂ ನಾವು ಕ್ಷಳವನ್ನೇ ನುಡಿಯುತ್ತೇವೆ. ಹಾಗೆಯೇ ವಿಲಾಸ ವಿಳಾಸವಾಯಿತು. ಹಳೆಯ ಕವಿಗಳಿಗೆ ಇವೆರಡೂ ಒಂದೇ ಪದದ ಎರಡು ಉಡುಗೆಗಳು. ಹದಿನೇಳನೆಯ ಶತಮಾನದ ಷಡಕ್ಷರದೇವನ ಚಂಪೂಕಾವ್ಯ ‘ರಾಜಶೇಖರವಿಳಾಸ’ದಲ್ಲಿ ಳಕಾರವೇ ಇದೆ, ಅರ್ಥ ಮಾತ್ರ ಲೀಲೆ, ವೈಭವ. ಇಂದಿನ ಹೈಸ್ಕೂಲು ಹುಡುಗಿಯ ಕೈಯಲ್ಲಿ ಆ ಪುಸ್ತಕವಿಟ್ಟರೆ ರಾಜಶೇಖರ ಎಲ್ಲಿದ್ದಾನೆಂಬ ಪತ್ತೆ ಒಳಗಿದೆಯೆಂದು ಅವಳು ತಿಳಿದರೆ ತಪ್ಪೆನ್ನಲಾಗದು. ಯಾಕೆಂದರೆ ನಡುವಿನ ಕಾಲದಲ್ಲಿ ಕನ್ನಡ ಒಂದು ಪಾಲುಪಟ್ಟಿ ಮಾಡಿತು: ಭೋಗವೂ ಬೆಡಗೂ ಲಕಾರದ ವಿಲಾಸಕ್ಕೆ, ನೆಲೆಯೂ ಗುರುತೂ ಳಕಾರದ ವಿಳಾಸಕ್ಕೆ. ಇಂಥ ಪಾಲು ಕನ್ನಡಕ್ಕೆ ಹೊಸದಲ್ಲ. ಸಂಸ್ಕೃತದ ‘ಕಲಾ’ ಎಂಬ ಒಂದೇ ಪದ ನಮ್ಮಲ್ಲಿ ಕಲೆಯೂ ಆಯಿತು, ಮುಖದ ಕಳೆಯೂ ಆಯಿತು. ಸೋಜಿಗವೆಂದರೆ ಅಲ್ಲಿ ಹೊಳಪು ಳಕಾರಕ್ಕೆ ಸಂದಿದೆ, ಇಲ್ಲಿ ಲಕಾರದಲ್ಲೇ ಉಳಿದಿದೆ. ಮಲಯಾಳಕ್ಕೆ ಈ ಪಾಲು ಬೇಕಾಗಲಿಲ್ಲ. ಅಲ್ಲಿ ಬೆಡಗೂ ವಿಲಾಸಂ, ಅಂಚೆಯ ಗುರುತೂ ವಿಲಾಸಂ. ಕಾಸರಗೋಡಿನ ಮಗು ಒಂದು ಬೆಂಚಿನಲ್ಲಿ ಳಕಾರವನ್ನೂ ಪಕ್ಕದ ಬೆಂಚಿನಿಂದ ಲಕಾರವನ್ನೂ ಕೇಳುತ್ತ ಬೆಳೆಯುತ್ತದೆ, ಎರಡಕ್ಕೂ ಸರಿಯಾಗಿ ಓಗೊಡುತ್ತದೆ.

ಹೊಳಪು ಅಂಚೆಯ ಗುರುತಾದದ್ದು ಹೇಗೆ? ದಾರಿ ತೋರುವ ಸುಳಿವು ಮಲಯಾಳದ ‘ಮೇಲ್ವಿಲಾಸಂ’ ಎಂಬ ರೂಪದಲ್ಲಿದೆ. ಕನ್ನಡದಲ್ಲೂ ಮೇಲ್ವಿಳಾಸ ಉಂಟು. ಮೇಲೆ ಬರೆದದ್ದು, ಕಾಗದದ ನೆತ್ತಿಯಲ್ಲಿ, ಸುರುಳಿಯ ಹೊರಮೈಯಲ್ಲಿ ಬರೆದದ್ದು. ಹಳೆಯ ಕಾಗದಗಳ ಒಕ್ಕಣೆಯನ್ನು ನೆನೆಯಿರಿ: ತೀರ್ಥರೂಪು ಸಮಾನರಾದ, ವೇದಮೂರ್ತಿ, ರಾಜಮಾನ್ಯ, ರಾಜಶ್ರೀ, ಚಿರಂಜೀವಿ ಎಂದು ಗೌರವದ ಮಾತುಗಳನ್ನು ಪೋಣಿಸಿ, ಊರು ಮನೆ ಹೇಳಿ, ಆಮೇಲೆ ಹೆಸರು, ಆಮೇಲೆ ‘ಅವರಿಗೆ’, ಅಲ್ಲಿಂದ ಮುಂದೆ ಉಭಯಕುಶಲೋಪರಿ. ಹೆಸರಿಗೆ ತೊಡಿಸಿದ ಈ ಅಲಂಕಾರವೇ ವಿಲಾಸ. ಅಲಂಕಾರದ ಒಳಗೆ ಊರೂ ಮನೆಯೂ ಒಂದು ಒಡವೆಯಾಗಿ ಸೇರಿದ್ದವು. ಕಾಲ ಕಳೆದಂತೆ ಉಳಿದ ಒಡವೆಗಳು ಕಳಚಿ ಬಿದ್ದು ಊರು ಮನೆ ಮಾತ್ರ ಉಳಿದಾಗ, ಇಡೀ ಅಲಂಕಾರದ ಹೆಸರು ಆ ಉಳಿದ ತುಣುಕಿಗೇ ನಿಂತಿತು ಎಂದು ನಾನು ಈ ದಾರಿಯನ್ನು ಓದುತ್ತೇನೆ. ಓದಿಗೆ ನಮ್ಮ ಶಾಸನಗಳ ಬೆಂಬಲವುಂಟು. ಪ್ರಶಸ್ತಿಗಳಲ್ಲಿ ಬನವಾಸೀಪುರವರಾಧೀಶ್ವರ, ಕಾಲಂಜರಪುರವರಾಧೀಶ್ವರ, ದ್ವಾರಾವತೀಪುರವರಾಧೀಶ್ವರ ಎಂದು ಊರೇ ಬಿರುದಾಗಿ ಬರುತ್ತದೆ. ಹೊಯ್ಸಳರು ಆಳಿದ್ದು ದೋರಸಮುದ್ರದಿಂದ, ಎಂದರೆ ಇಂದಿನ ಹಳೇಬೀಡಿನಿಂದ. ಬಿರುದಿನಲ್ಲಿ ಹೊತ್ತದ್ದು ಯಾದವರ ದ್ವಾರಾವತಿಯನ್ನು. ಅವರು ಬೀಡು ಬಿಟ್ಟ ಊರು ಒಂದು, ಗುರುತಿಸಿಕೊಂಡ ಊರು ಇನ್ನೊಂದು. ಆ ಪುರದ ಹೆಸರು ವಿಲಾಸವೂ ಹೌದು, ವಿಳಾಸವೂ ಹೌದು.

ನೆರೆಯ ಭಾಷೆಗಳು ಇದೇ ಅರ್ಥಕ್ಕೆ ಬೇರೆ ಬೇರೆ ಬಾಗಿಲಿನಿಂದ ಬಂದಿವೆ. ತೆಲುಗಿನ ಚಿರುನಾಮಾ ಪಾರಸಿಯ ಸರ್-ನಾಮಾ, ಕಾಗದದ ತಲೆಬರೆಹ. ನಮ್ಮ ಮೇಲ್ವಿಳಾಸದ ‘ಮೇಲ್’ ಅಲ್ಲಿ ‘ತಲೆ’ಯಾಗಿದೆ. ತಮಿಳು ಈಗ ಮುಗವರಿ ಎನ್ನುತ್ತದೆ, ಮೊಗದ ಮೇಲಿನ ಗೆರೆ. ಆದರೆ ವಿಲಾಸವನ್ನೂ ಬಿಟ್ಟಿಲ್ಲ, ನಾಟ್ಟುಕೋಟೆ ಚೆಟ್ಟಿಯಾರರಂತೂ ವ್ಯಾಪಾರದ ಮನೆಯನ್ನು ಗುರುತಿಸುವ ಹೆಸರಿನ ಮೊದಲಕ್ಷರಗಳನ್ನೇ ವಿಲಾಸಂ ಎಂದು ಕರೆದರು. ಹಿಂದಿಯ ಪತಾ, ಮರಾಠಿಯ ಪತ್ತಾ ಕನ್ನಡಕ್ಕೆ ಬಂದು ‘ಪತ್ತೆ’ಯಾದವು; ನಾವು ಅದನ್ನು ಕಾಗದಕ್ಕೆ ಹಚ್ಚಲಿಲ್ಲ, ಕಳೆದುಹೋದವರನ್ನು ಹುಡುಕಲು ಇಟ್ಟುಕೊಂಡೆವು. ಪ್ರಿಂಟರ್ ನಾಪತ್ತೆ ಎಂದು ಮೇಲೆ ಬರೆದಾಗ, ವಿಳಾಸ ತಪ್ಪಿದೆ ಎಂದೇ ಬೇರೆ ಪದದಲ್ಲಿ ಹೇಳಿದಂತಾಯಿತು. ಇಂಗ್ಲಿಷಿನ ಅಡ್ರೆಸ್ ಒಂದರಲ್ಲೇ ಕಾಗದದ ಗುರುತೂ ಸಭೆಯ ಮಾತೂ ಅಡಗಿವೆ. ನಾವು ಒಂದಕ್ಕೆ ವಿಳಾಸವೆಂದೆವು, ಗಣ್ಯರಿಗೆ ಓದಿ ಒಪ್ಪಿಸುವುದಕ್ಕೆ ಬಿನ್ನವತ್ತಳೆ ಎಂದೆವು. ಈ ಎಲ್ಲ ಪದಗಳಲ್ಲಿ ತಲೆ, ಮುಖ, ಗೆರೆ, ಸುಳಿವು ಇವೆ. ಹೊಳಪನ್ನೇ ಮೂಲವಾಗಿ ಹೊತ್ತದ್ದು ನಮ್ಮ ವಿಳಾಸ.

ನಮ್ಮ ಸೀಮೆಯಲ್ಲಿ ಹೆಸರೂ ವಿಳಾಸವೂ ಇನ್ನೂ ಪೂರ್ತಿ ಬೇರೆಯಾಗಿಲ್ಲ ಎಂಬುದನ್ನೂ ಗಮನಿಸಬೇಕು. ಮಂಜೇಶ್ವರ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ, ಶೇಣಿ ಗೋಪಾಲಕೃಷ್ಣ ಭಟ್ಟ, ಮುಳಿಯ ತಿಮ್ಮಪ್ಪಯ್ಯ, ಶಬ್ದಗಳ ಬೆನ್ನಟ್ಟಿದವರಲ್ಲಿ ನಮಗೆಲ್ಲ ಹಿರಿಯರಾದ ಸೇಡಿಯಾಪು ಕೃಷ್ಣ ಭಟ್ಟ: ಮೊದಲು ಊರು ಅಥವಾ ಮನೆ, ಆಮೇಲೆ ಮನುಷ್ಯ. ಕೃಷ್ಣ ಭಟ್ಟರೆಂದರೆ ಯಾವ ಕೃಷ್ಣ ಭಟ್ಟರು ಎಂಬ ಪ್ರಶ್ನೆ ಏಳುತ್ತದೆ, ಸೇಡಿಯಾಪು ಎಂದರೆ ಏಳುವುದಿಲ್ಲ. ಒಂದೇ ಹೆಸರಿನ ಹಲವರ ನಡುವೆ ಒಬ್ಬರನ್ನು ಎದ್ದು ಕಾಣಿಸುವ ಕೆಲಸ ಆ ಮೊದಲ ಪದದ್ದು. ‘ವಿ’ ಎಂಬ ಉಪಸರ್ಗ ಮಾಡುವುದೂ ಅದನ್ನೇ.

ಲಕೋಟೆಯ ಮೇಲಿನ ವಿಳಾಸ ಹೀಗೆ ಬರುತ್ತಿತ್ತು: ಇಂಥವರು, ಇಂಥ ಮನೆ, ಅಂಚೆ ಪೆರ್ಲ, ವಯಾ ಕುಂಬಳೆ, ಕಾಸರಗೋಡು. ಲ್ಯಾಟಿನಿನಲ್ಲಿ ‘ದಾರಿ’ ಎಂದಿದ್ದ ವಯಾ ಎಂಬ ಪದ ಬಸ್ಸಿನ ಬೋರ್ಡಿನಲ್ಲೂ ಕಾಗದದ ಮೇಲೂ ಎಷ್ಟು ಒಗ್ಗಿತೆಂದರೆ ಅದು ಪರದೇಶದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ಇದರ ಕೆಳಗೆ ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತದ ಕವಿಯೂ ಹೌದು. ವಿಲಾಸವೆಂಬ ಪದವನ್ನು ಕಾವ್ಯದಲ್ಲಿ ಬಲ್ಲವರೇ ದೇಶದ ವಿಳಾಸಗಳಿಗೆ ಅಂಕಿ ಕೊಟ್ಟರು ಎಂಬುದು ನನಗೆ ತುಂಬ ಹಿತವಾದ ಸಂಗತಿ. ಮೊದಲ ಅಂಕಿ ವಲಯ, ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಅಂಚೆಕಚೇರಿ. ಮಂಗಳೂರಿನದ್ದು 575ರಿಂದ ಶುರುವಾದರೆ ತಲಪಾಡಿ ದಾಟಿದ ಕೂಡಲೇ ಮಂಜೇಶ್ವರ 671323, ಕುಂಬಳೆ 671321, ಕಾಸರಗೋಡು 671121.

ಆ ಹೊತ್ತಿಗಾಗಲೇ ನಮ್ಮ ವಿಳಾಸಗಳು ಒಮ್ಮೆ ಅಲುಗಾಡಿದ್ದವು. 1956ರ ನವೆಂಬರ್ 1ರ ವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ ಎಂದು ಬರೆಯುತ್ತಿದ್ದ ಮನೆ ಅನಂತರ ಕೇರಳದ ಕಣ್ಣೂರು ಜಿಲ್ಲೆ ಎಂದು ಬರೆಯಬೇಕಾಯಿತು, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ ಎಂದು. ಮನೆ ಕದಲಲಿಲ್ಲ, ಬಾವಿ ಕದಲಲಿಲ್ಲ, ತೋಟದ ಅಗಳು ಕದಲಲಿಲ್ಲ, ವಿಳಾಸ ಕದಲಿತು. ಇದ್ದ ಜಾಗದಲ್ಲೇ ಇದ್ದೂ ವಿಳಾಸ ಬದಲಾಗುವುದೆಂದರೇನೆಂದು ಈ ಜಿಲ್ಲೆಯ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಿಳಾಸ ಜಾಗದ ಹೆಸರಲ್ಲ, ಜಾಗವನ್ನು ಹುಡುಕುವವರು ಹಿಡಿಯುವ ಎಳೆ. ಅರ್ಜಿನಮೂನೆಗಳಲ್ಲಿ ತಾತ್ಕಾಲಿಕ ವಿಳಾಸ, ಖಾಯಂ ವಿಳಾಸ ಎಂದು ಎರಡು ಮನೆ ಬಿಟ್ಟಿರುವುದೂ ಇದಕ್ಕೇ. ಅರಬ್ಬಿಯಲ್ಲಿ ‘ನಿಂತಿರುವ’ ಎಂಬ ಅರ್ಥದ ಖಾಯಂ ಇಲ್ಲಿನ ಗಲ್ಫ್ ಕುಟುಂಬಗಳಿಗೆ ಬಹಳ ಆಪ್ತವಾದ ಪದ: ದುಬೈಯದ್ದು ಅಂಚೆಪೆಟ್ಟಿಗೆಯ ಸಂಖ್ಯೆ, ಖಾಯಂ ಮಾತ್ರ ಚೆರ್ಕಳವೋ ಉಪ್ಪಳವೋ. ಹಳಗನ್ನಡ ಇದೇ ಭೇದವನ್ನು ಬೀಡು, ನೆಲೆವೀಡು ಎಂದು ಹಿಡಿದಿತ್ತು. ಬಿಡುವುದರಿಂದ ಬೀಡು, ದಂಡು ಇಳಿದು ತಂಗಿದ ಎಡೆ; ನಿಲ್ಲುವುದರಿಂದ ನೆಲೆ; ಎರಡೂ ಕೂಡಿ ಬಕಾರ ವಕಾರವಾಗಿ ನೆಲೆವೀಡು, ರಾಜಧಾನಿ.

ಈಗ ರೌಟರಿನೊ‍ಳಕ್ಕೆ ಹೋಗೋಣ. ಐಪಿ ವಿಳಾಸವೆಂದರೆ ಚುಕ್ಕೆಯಿಟ್ಟು ಬಿಡಿಸಿದ ನಾಲ್ಕು ಸಂಖ್ಯೆಗಳು, ಒಂದೊಂದೂ 0ಯಿಂದ 255ರೊಳಗೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 192.168.1.50 ಎಂಬುದರಲ್ಲಿ ಮೊದಲ ಮೂರು ಸಂಖ್ಯೆ ಮನೆಯ ಜಾಲಕ್ಕೆ, ಕೊನೆಯದು ಒಂದು ಉಪಕರಣಕ್ಕೆ. ಪಿನ್ ಕೋಡಿನಂತೆ ಇಲ್ಲೂ ಎಡದಿಂದ ಬಲಕ್ಕೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ. 192.168 ಎಂದು ಶುರುವಾಗುವ ಸಂಖ್ಯೆಗಳನ್ನು ಮನೆ ಕಚೇರಿಗಳ ಒಳಬಳಕೆಗೆಂದೇ ಎತ್ತಿಟ್ಟದ್ದು 1990ರ ದಶಕದಲ್ಲಿ. ಆದ್ದರಿಂದ ಹೊಸಂಗಡಿಯ ಒಂದು ಮನೆಯಲ್ಲೂ ಮುಳ್ಳೇರಿಯದ ಇನ್ನೊಂದು ಮನೆಯಲ್ಲೂ ಏಕಕಾಲಕ್ಕೆ 192.168.1.50 ಇರಬಹುದು, ಒಂದಕ್ಕೊಂದು ತಾಗುವುದಿಲ್ಲ. ಹೊಸ್ತಿಲಿನಾಚೆ ಮನೆಗೆಲ್ಲ ಸೇರಿ ಬೇರೊಂದು ವಿಳಾಸ.

ಒಳಗಿನ ಈ ಸಂಖ್ಯೆಗಳನ್ನು ಹಂಚುವ ಏರ್ಪಾಟಿನ ಹೆಸರು ಡಿಎಚ್‌ಸಿಪಿ. ಫೋನು ಮನೆಗೆ ಬಂದೊಡನೆ ಅದಕ್ಕೆ ವಿಳಾಸವಿಲ್ಲ, ಆದ್ದರಿಂದ 0.0.0.0 ಎಂದು ತನ್ನನ್ನು ಹೇಳಿಕೊಂಡು, ಯಾರಾದರೂ ಸಂಖ್ಯೆ ಕೊಡುವವರಿದ್ದೀರಾ ಎಂದು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ರೌಟರ್ ಇಂಥದನ್ನು ತೆಗೆದುಕೋ ಎನ್ನುತ್ತದೆ, ಫೋನು ಅದನ್ನೇ ಕೊಡು ಎನ್ನುತ್ತದೆ, ರೌಟರ್ ಕೊಟ್ಟೆ ಎನ್ನುತ್ತದೆ. ಕೊಟ್ಟದ್ದು ದಾನವಲ್ಲ, ಅವಧಿಗೆ. ಅರ್ಧ ಅವಧಿ ಕಳೆದಾಗ ಫೋನು ಮತ್ತೆ ಕೇಳಿ ಮುಂದುವರಿಸಿಕೊಳ್ಳಬೇಕು, ಕೇಳದೆ ಹೋದರೆ ಅವಧಿ ತೀರಿದ ಮೇಲೆ ಆ ಸಂಖ್ಯೆ ಇನ್ನೊಬ್ಬರ ಪಾಲು. ಇದನ್ನು ಇಂಗ್ಲಿಷಿನವರು ಲೀಸ್ ಎಂದರು, ಕನ್ನಡದ ಹೊಸ ಬರೆಹಗಳು ಗುತ್ತಿಗೆ ಎನ್ನುತ್ತವೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಕಿವಿಗೆ ಇದಕ್ಕಿಂತ ಹತ್ತಿರದ ಪದವೊಂದಿದೆ: ಗೇಣಿ. ಹಳೆಯ ದಕ್ಷಿಣ ಕನ್ನಡದ ಜಮೀನು ವ್ಯವಸ್ಥೆಯಲ್ಲಿ ಚಾಲಗೇಣಿ, ಮೂಲಗೇಣಿ ಎಂದು ಎರಡು ಬಗೆ. ಚಾಲಗೇಣಿಯ ಒಕ್ಕಲು ಧಣಿಯ ಮರ್ಜಿಯಲ್ಲಿದ್ದವನು, ವರ್ಷವರ್ಷ ಒಪ್ಪಂದ ಹೊಸದಾಗಬೇಕು, ಬಿಡು ಎಂದರೆ ಬಿಡಬೇಕು, ಪದದಲ್ಲೇ ಚಲನೆಯಿದೆ. ಮೂಲಗೇಣಿದಾರನದ್ದು ತಲೆತಲಾಂತರದ ಹಕ್ಕು, ಗೇಣಿಯ ಮೊತ್ತವೂ ಬದಲಾಗದು, ಪದದಲ್ಲೇ ಬೇರಿದೆ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿಯ ವ್ಯವಸ್ಥೆಯೇ ಕೊನೆಗೊಂಡಿತು, ಒಕ್ಕಲುಗಳು ಭೂಮಿಯ ಒಡೆಯರಾದರು. ಅದಕ್ಕಾಗಿ ನಡೆದ ಹೋರಾಟದ ನೋವು ನಲಿವುಗಳ ಜೊತೆ ಪದಗಳು ದಾಖಲೆಗಳಲ್ಲಿ ಉಳಿದವು. ರೌಟರ್ ತಾನಾಗಿ ಹಂಚುವುದು ಚಾಲಗೇಣಿ; ನಾವು ಹೋಗಿ ಹೆಸರು ಬರೆಸಿ ಒಂದು ಸಂಖ್ಯೆಯನ್ನು ನಿಲ್ಲಿಸುವುದು ಮೂಲಗೇಣಿ.

ಹೆಸರು ಬರೆಸುವ ಕೆಲಸ ದೊಡ್ಡದೇನಲ್ಲ. ಬ್ರೌಸರಿನಲ್ಲಿ 192.168.1.1 ಎಂದೋ, ಪೆಟ್ಟಿಗೆಯ ಅಡಿಗೆ ಅಂಟಿಸಿದ ಚೀಟಿಯಲ್ಲಿ ಬರೆದ ಸಂಖ್ಯೆಯನ್ನೋ ಒತ್ತಿ, ಪಾಸ್‌ವರ್ಡ್ ಕೊಟ್ಟು ಒಳಹೋದರೆ ಡಿಎಚ್‌ಸಿಪಿಯ ಪುಟದಲ್ಲಿ ಈಗ ಮನೆಯಲ್ಲಿರುವ ಉಪಕರಣಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಪ್ರಿಂಟರನ್ನು ಆಯ್ದು, ಬೇಕಾದ ಸಂಖ್ಯೆಯನ್ನು ಅದರೆದುರು ಬರೆದು ಉಳಿಸಿ, ಪ್ರಿಂಟರನ್ನು ಒಮ್ಮೆ ಆರಿಸಿ ಹಾಕಿದರೆ ಆಯಿತು. ಪ್ರಿಂಟರ್ ಎಂದಿನಂತೆ ಕೂಗಿ ಕೇಳುತ್ತದೆ, ರೌಟರ್ ಪ್ರತಿಸಲವೂ ಅದೇ ಸಂಖ್ಯೆಯನ್ನು ಕೊಡುತ್ತದೆ. ಸ್ಥಿರ ವಿಳಾಸವನ್ನು ಉಪಕರಣದೊಳಗೇ ಬರೆದಿಡುವ ಇನ್ನೊಂದು ವಿಧಾನವೂ ಇದೆ. ಅಲ್ಲಿ ಉಪಕರಣ ಯಾರನ್ನೂ ಕೇಳುವುದಿಲ್ಲ, ಹಂಚುವವನಿಗೆ ವಿಷಯ ತಿಳಿದಿರುವುದಿಲ್ಲ, ಅದೇ ಸಂಖ್ಯೆ ಇನ್ನೊಬ್ಬರಿಗೂ ಹೋದರೆ ಇಬ್ಬರಿಗೂ ತೊಡಕು. ಹಂಚುವವನ ಪುಸ್ತಕದಲ್ಲೇ ದಾಖಲಾಗುವುದರಿಂದ ಕಾಯ್ದಿರಿಸುವಿಕೆ ಹೆಚ್ಚು ಕ್ಷೇಮ.

ಆ ಕ್ರಿಯಾಪದದ ಜೊತೆ ಎರಡು ಮಾತು ಬಾಕಿಯಿದೆ. ‘ಕಾ’ ಎಂಬ ದ್ರಾವಿಡ ಧಾತು ನಮ್ಮಲ್ಲಿ ಕಾಪು, ಕಾವಲು, ಕಾಪಾಡು ಎಂದು ರಕ್ಷಣೆಯ ಕಡೆಗೂ, ಬಸ್ಸಿಗೆ ಕಾದೆ, ದಾರಿ ಕಾದೆ ಎಂದು ನಿರೀಕ್ಷೆಯ ಕಡೆಗೂ ಹರಿದಿದೆ. ತುಳುವಿನ ಕಾಪುನಿಯಲ್ಲಿ ಈ ಎರಡರ್ಥವೂ ಒಟ್ಟಿಗಿದೆ. ಮಲಯಾಳದಲ್ಲಿ ಕಾವಲ್ ರಕ್ಷಣೆಯಾದರೆ ಕಾತ್ತಿರಿಕ್ಕುಗ ನಿರೀಕ್ಷೆ. ನೀರು ಕಾಯುವ ಕಾಯ್, ಮರದ ಕಾಯಿ, ಕಾದಾಟದ ಕಾದು ಇವೆಲ್ಲ ಕಿವಿಗೆ ಹತ್ತಿರ, ಅರ್ಥಕ್ಕೆ ದೂರ. ಕಾದಿರು ಎಂದರೆ ನಿರೀಕ್ಷಿಸು. ಅದಕ್ಕೆ ಪ್ರೇರಣಾರ್ಥಕದ ‘ಇಸು’ ಸೇರಿದ ಕೂಡಲೇ ಕಾದಿರಿಸು, ಕಾಯ್ದಿರಿಸು, ಅಂದರೆ ಒಬ್ಬರಿಗಾಗಿ ಕಾದುಕೊಂಡು ಇಡು. ಬಸ್‌ನಿಲ್ದಾಣದ ಕಿಟಿಕಿಯ ಮೇಲೂ ಕಾಡಿನ ಗಡಿಗಲ್ಲಿನ ಮೇಲೂ ಈ ಪದ ಚೆನ್ನಾಗಿ ದುಡಿದಿದೆ. ಇದರ ನೆರೆಯ ಮೀಸಲು ದೇವರಿಗೆಂದು ಮುಟ್ಟದೆ ಎತ್ತಿಟ್ಟದ್ದು. ಅದರಲ್ಲಿ ಪಾವಿತ್ರ್ಯವಿದೆ, ಕಾಯುವಿಕೆಯಿಲ್ಲ. ಪ್ರಿಂಟರ್ ಕೆಟ್ಟು ರಿಪೇರಿಗೆ ಹೋಗಿ ತಿಂಗಳ ಮೇಲೆ ಬಂದರೂ ಅದರ ಸಂಖ್ಯೆ ಬೇರೆಯವರಿಗೆ ಹೋಗದೆ ಉಳಿದಿರುತ್ತದೆ: ರಕ್ಷಣೆಯೂ ಆಯಿತು, ನಿರೀಕ್ಷೆಯೂ ಆಯಿತು. ಇಲ್ಲಿಗೆ ಕಾಯ್ದಿರಿಸುವುದೇ ತಕ್ಕ ಪದ.

ರೌಟರ್ ಉಪಕರಣವನ್ನು ಗುರುತಿಸುವುದು ಮ್ಯಾಕ್ ವಿಳಾಸವೆಂಬ ಇನ್ನೊಂದು ವಿಳಾಸದಿಂದ. ಎರಡೆರಡು ಅಕ್ಷರಗಳ ಆರು ಜೋಡಿ, ಮೊದಲ ಮೂರು ತಯಾರಿಸಿದ ಕಂಪನಿಯದ್ದು, ಉಳಿದ ಮೂರು ಆ ಒಂದು ಯಂತ್ರದ್ದು. ಇದು ಕಾರ್ಖಾನೆಯಲ್ಲೇ ಬರುವ ಹುಟ್ಟುಗುರುತು, ಐಪಿ ಇದ್ದಲ್ಲಿನ ಗುರುತು. ಕನ್ನಡ ಎರಡನ್ನೂ ವಿಳಾಸವೆಂದೇ ಕರೆದಿದೆ. ಇತ್ತೀಚಿನ ಫೋನುಗಳು, ಆಂಡ್ರಾಯ್ಡ್ 10ರಿಂದೀಚೆಗಿನವು, ಐಫೋನುಗಳಲ್ಲಿ 14ನೆಯ ಆವೃತ್ತಿಯಿಂದೀಚೆಗಿನವು, ಯಾರೂ ಹಿಂಬಾಲಿಸದಿರಲೆಂದು ಹುಟ್ಟುಗುರುತನ್ನು ಮುಚ್ಚಿ ಜಾಲಕ್ಕೊಂದು ಕಲ್ಪಿತ ಮ್ಯಾಕ್ ತೊಟ್ಟು ಹೋಗುತ್ತವೆ. ಆ ಗುರುತು ಬದಲಾದರೆ ಕಾಯ್ದಿರಿಸಿದ ಸಂಖ್ಯೆ ಅವುಗಳಿಗೆ ದಕ್ಕದು. ದಕ್ಕಬೇಕಾದರೆ ನಮ್ಮ ಮನೆಯ ಜಾಲದ ಮಟ್ಟಿಗೆ ಆ ವೇಷವನ್ನು ಕಳಚಿಡುವ ಆಯ್ಕೆಯನ್ನು ಫೋನಿನಲ್ಲೇ ಒತ್ತಬೇಕು. ಳಕಾರದ ವಿಳಾಸದೊಳಕ್ಕೆ ಲಕಾರದ ವಿಲಾಸ, ವೇಷ ಬದಲಿಸುವ ಆ ಹಳೆಯ ಲೀಲೆ, ಹೀಗೆ ಮರಳಿ ಬಂದಿದೆ.

ಆದರೆ ಫೋನಿಗೆ ಸ್ಥಿರ ವಿಳಾಸ ಬೇಕಾಗುವುದೇ ಅಪರೂಪ. ಯಾಕೆ ಎಂದು ಯೋಚಿಸಿದರೆ ಪದದ ಪೂರ್ತಿ ಬಾಳು ಒಂದು ಸೂತ್ರದಲ್ಲಿ ಸಿಕ್ಕುತ್ತದೆ. ಫೋನು ತಾನು ಹೊರಗಿನವರನ್ನು ಕರೆಯುತ್ತದೆ, ಅದನ್ನು ಮನೆಯೊಳಗೆ ಹುಡುಕಿಕೊಂಡು ಬರುವವರಿಲ್ಲ. ಇವತ್ತು ಯಾವ ಸಂಖ್ಯೆ ಬಂದರೂ ಅದಕ್ಕೆ ನಡೆಯುತ್ತದೆ. ಪ್ರಿಂಟರ್, ಕ್ಯಾಮೆರಾದ ಪೆಟ್ಟಿಗೆ, ಕಡತಗಳನ್ನು ಇಟ್ಟುಕೊಂಡ ಯಂತ್ರ ಇವು ಕರೆಸಿಕೊಳ್ಳುವಂಥವು. ಬೇರೆಯವರು ಬಂದು ಬಾಗಿಲು ತಟ್ಟುವಾಗ ಇದ್ದಲ್ಲಿ ಇರಬೇಕು. ವಿಳಾಸ ಇರುವವನ ಸೊತ್ತಲ್ಲ, ಹುಡುಕುವವನ ಅಗತ್ಯ. ಸಭೆಯಲ್ಲಿ ನಾಯಕನ ವಿಲಾಸವೂ ನೋಡುವವರಿಗಾಗಿಯೇ ಇತ್ತು. ದ್ವಾರಾವತಿಯ ಬಿರುದು ಕೇಳುವವರಿಗಾಗಿ. ಒಕ್ಕಣೆ ಕಾಗದ ತಲುಪಿಸುವವನಿಗಾಗಿ. ಹೆಸರಿನ ಮುಂದಿನ ಮುಳಿಯ, ಕಯ್ಯಾರಗಳು ನಮಗಾಗಿ. ಲಸ್ ಎಂಬ ಧಾತು ಮೊದಲ ದಿನದಿಂದಲೂ ಹೇಳುತ್ತ ಬಂದದ್ದು ಇದನ್ನೇ: ಇನ್ನೊಬ್ಬರ ಕಣ್ಣಿಗೆ ಕಾಣಿಸಿಕೊಳ್ಳುವುದು. ಹೊಳಪು ಮಾಸಿ ಗುರುತು ಉಳಿಯಿತು ಎನ್ನುವುದಕ್ಕಿಂತ, ಹೊಳಪಿನ ಕೆಲಸವನ್ನೇ ಗುರುತು ಮುಂದುವರಿಸಿತು ಎನ್ನುವುದು ಸರಿ.

ಹೀಗಿರುವಾಗ ಜಾಲದ ವಿದ್ಯೆಯನ್ನು ಕನ್ನಡದಲ್ಲಿ ಬರೆಯುವವರು ‘ವಿಳಾಸ’ವನ್ನು ಅಡ್ರೆಸ್ಸಿನ ಬಡ ಬದಲಿಯೆಂದು ತಿಳಿಯಬೇಕಾಗಿಲ್ಲ, ಆ ಪದಕ್ಕೆ ಸಲ್ಲಬೇಕಾದ ಅರ್ಥವೆಲ್ಲ ಅದರ ಬೇರಿನಲ್ಲೇ ಇದೆ. ಅದರ ಪಕ್ಕದಲ್ಲಿ ಕಾಯ್ದಿರಿಸು ನಿಲ್ಲಲಿ, ಅವಧಿಯ ಹಂಚಿಕೆಗೆ ಗುತ್ತಿಗೆಯ ಜೊತೆ ನಮ್ಮ ಗೇಣಿಯೂ ಬರಲಿ, ಚಾಲ ಮೂಲಗಳ ಭೇದ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಮೊಮ್ಮಕ್ಕಳಿಗೆ ರೌಟರಿನ ಪುಟವನ್ನು ಆ ಮಾತಿನಲ್ಲೇ ಅರ್ಥ ಮಾಡಿಸಲಿ. ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜಂದಿರ ಕಾಗದದ ಕಟ್ಟುಗಳು ಇರುವವರು ಅವುಗಳ ಮೇಲ್ವಿಳಾಸಗಳನ್ನು ಒಕ್ಕಣೆಸಹಿತ ಬರೆದಿಡಿ. ಮದರಾಸು, ಕಣ್ಣೂರು, ಕಾಸರಗೋಡು ಎಂದು ಬದಲಾದ ಆ ಸಾಲುಗಳಲ್ಲಿ ನಮ್ಮ ಪದದ ಚರಿತ್ರೆಯೂ ನಮ್ಮ ಸೀಮೆಯ ಚರಿತ್ರೆಯೂ ಒಟ್ಟಿಗೇ ಇವೆ, ಮುಂದಿನ ನಿಘಂಟುಕಾರರಿಗೆ ಅವೇ ಆಧಾರ.